ಒಂದೇ ಅರ್ಥವೆನಿಸುವ ಇಂಗ್ಲಿಷ್ ಪದಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಇಪ್ಪತ್ತು ವರ್ಷಗಳಿಂದ ಸಂಜೆ ಹೊತ್ತು ಇಂಗ್ಲಿಷ್ ಹೇಳಿಕೊಡುತ್ತಿದ್ದೇನೆ. ಅಂಗಡಿಯವರು, ನರ್ಸ್‌ಗಳು, ಎಂಜಿನಿಯರ್‌ಗಳು, ವಿದೇಶದಲ್ಲಿರುವ ಮಗನ ಮನೆಗೆ ಹೊರಟ ಅಜ್ಜಿಯರು, ಎಲ್ಲರೂ ಬರುತ್ತಾರೆ. ಬೆಂಚಿನ ಮೇಲೆ ಕೂರುವವರು ಬದಲಾಗುತ್ತಾರೆ, ಪ್ರಶ್ನೆಗಳು ಬದಲಾಗುವುದಿಲ್ಲ. ತರಗತಿಯಲ್ಲಿ, ಪತ್ರಗಳಲ್ಲಿ, ವಾಟ್ಸ್‌ಆ್ಯಪ್‌ನಲ್ಲಿ ಮತ್ತೆ ಮತ್ತೆ ಬಂದವನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಕೊಟ್ಟಿದ್ದೇನೆ. ಒಂದು ಗುಟ್ಟನ್ನು ಮೊದಲೇ ಹೇಳಿಬಿಡುತ್ತೇನೆ: ಎರಡು ಇಂಗ್ಲಿಷ್ ಪದಗಳು ತಲೆಯಲ್ಲಿ ಕಲಸಿಕೊಂಡರೆ, ಬಹಳ ಸಲ ಅವುಗಳ ಹಿಂದೆ ಒಂದೇ ಕನ್ನಡ ಪದ ಅಡಗಿ ಕುಳಿತಿರುತ್ತದೆ. ಅದನ್ನು ಕೈ ಹಿಡಿದು ಹೊರಗೆಳೆದರೆ ಅರ್ಧ ಕೆಲಸ ಮುಗಿಯಿತು.

## ಮೊದಮೊದಲ ಪ್ರಶ್ನೆಗಳು

‘ಬಾರೋ’ ಅಂದರೂ ಸಾಲ, ‘ಲೆಂಡ್’ ಅಂದರೂ ಸಾಲ. ಯಾವುದು ಯಾವಾಗ?

ತೆಗೆದುಕೊಳ್ಳುವವನದು ‘ಬಾರೋ’, ಕೊಡುವವನದು ‘ಲೆಂಡ್’. ಕನ್ನಡದಲ್ಲಿ ‘ಸಾಲ’ ಎಂಬ ನಾಮಪದವನ್ನು ಹಾಗೇ ಇಟ್ಟುಕೊಂಡು ಮುಂದೆ ‘ಕೊಡು’, ‘ತೆಗೆದುಕೊ’ ಎಂದು ಸೇರಿಸುತ್ತೇವೆ. ಇಂಗ್ಲಿಷ್ ಆ ಕೊಡು-ತೆಗೆದುಕೊ ಎರಡನ್ನೂ ಕ್ರಿಯಾಪದದ ಹೊಟ್ಟೆಯೊಳಗೇ ತುಂಬಿಸಿಟ್ಟಿದೆ. ಹಾಗಾಗಿ ‘ನನಗೆ ಐನೂರು ರೂಪಾಯಿ ಬಾರೋ ಕೊಡಿ’ ಎಂಬ ಧಾಟಿಯ ವಾಕ್ಯ ಅಲ್ಲಿ ನಿಲ್ಲುವುದಿಲ್ಲ.

ಈ ಒಂದು ವಿಷಯದಲ್ಲಿ ಮಾತ್ರ ಬಡತನ ಇಂಗ್ಲಿಷಿನದು. ಪಕ್ಕದ ಮನೆಯಿಂದ ಒಂದು ಲೋಟ ಸಕ್ಕರೆ ತಂದರೆ ನಮಗೆ ಅದು ಕಡ. ಅಷ್ಟೇ ಸಕ್ಕರೆ ತಿರುಗಿ ಕೊಟ್ಟರೆ ಸಾಕು. ಗ್ರಂಥಾಲಯದಿಂದ ತಂದ ಪುಸ್ತಕ ಎರವಲು. ಅದೇ ಪ್ರತಿಯನ್ನು ಹಿಂದಿರುಗಿಸಬೇಕು. ದುಡ್ಡಾದರೆ ಸಾಲ, ಅದಕ್ಕೆ ಬಡ್ಡಿ ಬೇರೆ. ಈ ಮೂರಕ್ಕೂ ಇಂಗ್ಲಿಷಿನವರು ‘ಬಾರೋ’ ಎಂದೇ ಹೇಳಬೇಕು.

‘ಸೀ’ಗೂ ‘ಲುಕ್’ಗೂ ವ್ಯತ್ಯಾಸವೇನು? ‘ಹಿಯರ್’ಗೂ ‘ಲಿಸನ್’ಗೂ?

ಕನ್ನಡದಲ್ಲಿ ಈ ವ್ಯತ್ಯಾಸ ಇಲ್ಲ ಎಂದುಕೊಂಡೇ ಎಲ್ಲರೂ ಕೇಳುತ್ತಾರೆ. ಇದೆ. ‘ನನಗೆ ಹಾವು ಕಾಣಿಸಿತು’ ಎಂದಾಗ ನೀವು ಏನೂ ಮಾಡಲಿಲ್ಲ, ಅದಾಗಿ ಕಣ್ಣಿಗೆ ಬಿತ್ತು: ಇದು ‘ಸೀ’. ‘ನಾನು ಆ ಕಡೆ ನೋಡಿದೆ’ ಎಂದಾಗ ಬೇಕೆಂದೇ ಕಣ್ಣು ತಿರುಗಿಸಿದಿರಿ: ಇದು ‘ಲುಕ್’. ಹಾಗೆಯೇ ‘ಸದ್ದು ಕೇಳಿಸಿತು’ ಎಂಬುದು ‘ಹಿಯರ್’, ‘ಹಾಡು ಕೇಳಿದೆ’ ಎಂಬುದು ‘ಲಿಸನ್’. ಕನ್ನಡದ ವಾಕ್ಯ ‘ನನಗೆ’ ಎಂದು ಶುರುವಾದರೆ ಮೊದಲನೆಯದು, ‘ನಾನು’ ಎಂದು ಶುರುವಾದರೆ ಎರಡನೆಯದು. ನೂರಕ್ಕೆ ನೂರು ಸಲ ಹೊಂದದಿದ್ದರೂ ಇದಕ್ಕಿಂತ ಸುಲಭದ ಸೂತ್ರ ನನಗೆ ಸಿಕ್ಕಿಲ್ಲ.

‘ವಾಚ್’ ಎಂದರೆ ಮುಂದೇನಾಗುತ್ತದೆ ಎಂದು ಕಣ್ಣಿಟ್ಟು ನೋಡುವುದು. ಕ್ರಿಕೆಟ್ ಪಂದ್ಯವನ್ನು ‘ವಾಚ್’ ಮಾಡುತ್ತೇವೆ, ಗೋಡೆಯ ಮೇಲಿನ ಪಟವನ್ನು ‘ಲುಕ್’ ಮಾಡುತ್ತೇವೆ. ಒಲೆಯ ಮೇಲಿನ ಹಾಲನ್ನೂ ‘ವಾಚ್’ ಮಾಡಬೇಕು, ಉಕ್ಕುವ ತನಕ.

ನೆರಳಿಗೆ ‘ಶೇಡ್’ ಸರಿಯೋ ‘ಶ್ಯಾಡೋ’ ಸರಿಯೋ?

ಕೂರುವುದಕ್ಕೆ ಆಗುವ ನೆರಳು ‘ಶೇಡ್’, ಆಕಾರವಿರುವ ನೆರಳು ‘ಶ್ಯಾಡೋ’. ಹೊಂಗೆ ಮರದಡಿ ತಂಪಾಗಿ ಕುಳಿತರೆ ‘ಶೇಡ್’. ಸಂಜೆ ಬಿಸಿಲಿಗೆ ಗೋಡೆಯ ಮೇಲೆ ಉದ್ದಕ್ಕೆ ಬೀಳುವ ನಿಮ್ಮ ರೂಪ ‘ಶ್ಯಾಡೋ’.

ಬೆಂಗಳೂರಿನಲ್ಲಿ ವರ್ಷಕ್ಕೆ ಎರಡು ಸಲ, ಏಪ್ರಿಲ್ 24ರ ಹಾಗೂ ಆಗಸ್ಟ್ 18ರ ಆಸುಪಾಸಿನಲ್ಲಿ, ನಡುಮಧ್ಯಾಹ್ನ ಸೂರ್ಯ ನೆತ್ತಿಯ ನೇರಕ್ಕೆ ಬಂದು ನೆಟ್ಟ ಕಂಬದ ನೆರಳು ಅದರ ಬುಡದಲ್ಲೇ ಅಡಗುತ್ತದೆ. ಪತ್ರಿಕೆಗಳು ಇದನ್ನು ಶೂನ್ಯ ನೆರಳಿನ ದಿನ ಎನ್ನುತ್ತವೆ. ಅಂದು ಕಾಣೆಯಾಗುವುದು ‘ಶ್ಯಾಡೋ’. ಮರದ ಕೆಳಗಿನ ‘ಶೇಡ್’ ಎಲ್ಲಿಗೂ ಹೋಗಿರುವುದಿಲ್ಲ, ಬೇಕಿದ್ದರೆ ಹೋಗಿ ನಿಂತು ನೋಡಿ.

ಕಾಲು ನೋವಿಗೆ ‘ಲೆಗ್ ಪೇನ್’ ಎಂದರೆ ಸಾಕಲ್ಲವೇ?

ಸಾಕಾಗಲಿಲ್ಲ. ನನ್ನ ವಿದ್ಯಾರ್ಥಿನಿಯೊಬ್ಬರು ಲಂಡನ್ನಿನಲ್ಲಿರುವ ಮಗನ ಮನೆಗೆ ಹೋಗಿದ್ದಾಗ ಹಿಮ್ಮಡಿ ನೋವೆಂದು ಆಸ್ಪತ್ರೆಗೆ ಹೋದರಂತೆ. ‘ಲೆಗ್’ ಎಂದರು. ಡಾಕ್ಟರು ಮೊಣಕಾಲನ್ನು ಒತ್ತಿ ನೋಡಿದರು, ಮೀನಖಂಡವನ್ನು ಒತ್ತಿ ನೋಡಿದರು, ತೊಡೆಯನ್ನೂ ಬಿಡಲಿಲ್ಲ. ಎಲ್ಲಿಯೂ ನೋವಿಲ್ಲ. ಕೊನೆಗೆ ಆಕೆ ಶೂ, ಕಾಲುಚೀಲ ಬಿಚ್ಚಿ ಹಿಮ್ಮಡಿಯನ್ನೇ ತೋರಿಸಬೇಕಾಯಿತು.

ತೊಡೆಯಿಂದ ಗಿಣ್ಣಿನವರೆಗೆ ‘ಲೆಗ್’, ಅದರ ಕೆಳಗೆ ‘ಫುಟ್’. ನಮಗೂ ‘ಪಾದ’ ಎಂಬ ಪದವಿದೆ, ಆದರೆ ಅದನ್ನು ಗುರುಹಿರಿಯರಿಗೆ ಮತ್ತು ದೇವರಿಗೆ ಮೀಸಲಿಟ್ಟು ನಮ್ಮದನ್ನು ಬರೀ ಕಾಲು ಎನ್ನುತ್ತೇವೆ. ಕೈಯದೂ ಇದೇ ಕತೆ: ಭುಜದಿಂದ ಮಣಿಕಟ್ಟಿನವರೆಗೆ ‘ಆರ್ಮ್’, ಮುಂದಕ್ಕೆ ‘ಹ್ಯಾಂಡ್’. ಕಾಲಿನ ಬೆರಳು ‘ಫಿಂಗರ್’ ಆಗುವುದಿಲ್ಲ, ‘ಟೋ’ ಆಗುತ್ತದೆ.

‘ಸಿನ್ಸ್ ಟೂ ಇಯರ್ಸ್’ ಎಂದರೆ ತಪ್ಪು ಎನ್ನುತ್ತಾರೆ. ಎಲ್ಲರೂ ಹೇಳುತ್ತಾರಲ್ಲ?

ಎಲ್ಲರೂ ಹೇಳುತ್ತಾರೆ, ಏಕೆಂದರೆ ಎಲ್ಲರ ಹಿಂದೆಯೂ ‘ಇಂದ’ ನಿಂತಿದೆ. ‘2022ರಿಂದ ಇಲ್ಲಿದ್ದೇನೆ’, ‘ಎರಡು ವರ್ಷಗಳಿಂದ ಇಲ್ಲಿದ್ದೇನೆ’: ಕನ್ನಡಕ್ಕೆ ಎರಡೂ ಒಂದೇ ಪ್ರತ್ಯಯ. ಇಂಗ್ಲಿಷ್ ಶುರುವಾದ ಹೊತ್ತನ್ನು ಹೇಳಲು ‘ಸಿನ್ಸ್’ ಬಳಸುತ್ತದೆ, ಕಳೆದ ಕಾಲದ ಉದ್ದವನ್ನು ಹೇಳಲು ‘ಫಾರ್’. ಕ್ಯಾಲೆಂಡರಿನಲ್ಲಿ ಬೆರಳಿಟ್ಟು ತೋರಿಸಲು ಆಗುವಂಥದ್ದಾದರೆ ‘ಸಿನ್ಸ್’, ಎಣಿಸಬೇಕಾದದ್ದಾದರೆ ‘ಫಾರ್’.

‘ವೆರಿ ಹಾಟ್’, ‘ಟೂ ಹಾಟ್’ ಎರಡೂ ಒಂದೇ ತಾನೇ?

‘ವೆರಿ ಹಾಟ್’ ಕಾಫಿ ಬಲು ಬಿಸಿ, ಕುಡಿಯಬಹುದು. ‘ಟೂ ಹಾಟ್’ ಆದರೆ ನಾಲಿಗೆ ಸುಡುತ್ತದೆ, ಆರಿಸಿಕೊಳ್ಳಬೇಕು. ‘ಟೂ’ ಬಂದರೆ ಮಿತಿ ಮೀರಿತು ಎಂದೇ ಲೆಕ್ಕ.

ನನ್ನ ಮದುವೆಗೆ ಕರೆಯುವಾಗ ‘ಮ್ಯಾರೇಜ್’ ಎನ್ನಲೇ, ‘ವೆಡ್ಡಿಂಗ್’ ಎನ್ನಲೇ?

ಮಂಟಪ, ಧಾರೆ, ಊಟ ಮುಗಿಸಿ ತಾಂಬೂಲ ಹಿಡಿದು ಹೊರಡುವ ಆ ಒಂದೆರಡು ದಿನದ ಸಮಾರಂಭ ‘ವೆಡ್ಡಿಂಗ್’. ಮರುದಿನದಿಂದ ಶುರುವಾಗುವ ಸಂಬಂಧ ‘ಮ್ಯಾರೇಜ್’. 1955ರ ಹಿಂದೂ ವಿವಾಹ ಕಾಯ್ದೆಯ ಇಂಗ್ಲಿಷ್ ಹೆಸರಿನಲ್ಲಿ ‘ಮ್ಯಾರೇಜ್’ ಇರುವುದು ಅದಕ್ಕೇ, ಕಾನೂನಿಗೆ ಊಟದ ಚಿಂತೆಯಿಲ್ಲ. ‘ನನ್ನ ಮ್ಯಾರೇಜ್‌ಗೆ ಬನ್ನಿ’ ಎಂದರೆ ಇಂಗ್ಲಿಷಿನವನಿಗೆ ‘ನನ್ನ ದಾಂಪತ್ಯದೊಳಗೆ ಬನ್ನಿ’ ಎಂದು ಕೇಳಿಸೀತು, ಬಂದುಬಿಟ್ಟರೆ ಕಷ್ಟ.

## ಕೆಲಸ, ಕಚೇರಿ, ಪತ್ರಿಕೆ

ತರಗತಿಯಲ್ಲಿ ‘ಐ ಹ್ಯಾವ್ ಎ ಡೌಟ್’ ಎಂದರೆ ತಪ್ಪೇ? ‘ಡೌಟ್’ ಮತ್ತು ‘ಸಸ್ಪೆಕ್ಟ್’ ಒಂದೇ ಅಲ್ಲವೇ?

ನನಗೆ ಬಹಳ ಇಷ್ಟವಾದ ಪ್ರಶ್ನೆ ಇದು, ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಮೊದಲನೆಯದು ಸುಲಭ. ನಮ್ಮಲ್ಲಿ ವಿದ್ಯಾರ್ಥಿ ‘ಸಂದೇಹ ಇದೆ ಸರ್’ ಎಂದರೆ ‘ಅರ್ಥವಾಗಲಿಲ್ಲ, ಇನ್ನೊಮ್ಮೆ ಹೇಳಿ’ ಎಂದರ್ಥ. ಇಂಗ್ಲಿಷಿನವರಿಗೆ ‘ಡೌಟ್’ ಎಂದರೆ ಅಪನಂಬಿಕೆ. ಹಾಗಾಗಿ ಅಲ್ಲಿನ ಉಪನ್ಯಾಸಕರ ಮುಂದೆ ಎದ್ದು ನಿಂತು ‘ಡೌಟ್ ಇದೆ’ ಎಂದರೆ, ‘ನೀವು ಹೇಳಿದ್ದು ನಿಜವೋ ಸುಳ್ಳೋ’ ಎಂದು ಕೇಳಿದಂತಾಗುತ್ತದೆ. ‘ಕ್ವೆಶ್ಚನ್ ಇದೆ’ ಎಂದರೆ ಯಾರಿಗೂ ನೋವಿಲ್ಲ.

ಎರಡನೆಯದರಲ್ಲಿ ಅಪಾಯವಿದೆ. ‘ಅವನು ಕದ್ದಿದ್ದಾನೆ ಎಂದು ನನಗೆ ಅನುಮಾನ’ ಎಂದು ಕನ್ನಡದಲ್ಲಿ ಹೇಳಿದರೆ ಬೆರಳು ಅವನ ಕಡೆಗೇ ಇದೆ. ಇದನ್ನೇ ಇಂಗ್ಲಿಷಿನಲ್ಲಿ ‘ಡೌಟ್’ ಹಾಕಿ ಹೇಳಿದರೆ ಅವನು ಪಾರಾಗುತ್ತಾನೆ: ‘ಅವನು ಕದ್ದಿರಲಾರ’ ಎಂದಾಗುತ್ತದೆ. ಬೆರಳು ಅವನ ಕಡೆಗೇ ಇರಬೇಕಾದರೆ ‘ಸಸ್ಪೆಕ್ಟ್’ ಬೇಕು. ಒಂದೇ ‘ಅನುಮಾನ’ದಿಂದ ಹೊರಟು ಇಂಗ್ಲಿಷಿನಲ್ಲಿ ತದ್ವಿರುದ್ಧ ಊರುಗಳಿಗೆ ಹೋಗಿ ಇಳಿಯುತ್ತೇವೆ. ಸಹೋದ್ಯೋಗಿಯ ಮೇಲೆ ದೂರು ಬರೆಯುವಾಗ ಇದನ್ನು ಎರಡು ಸಲ ನೋಡಿಕೊಳ್ಳಿ.

ಅಂದಹಾಗೆ ‘ಅನುಮಾನ’ಕ್ಕೆ ಮೊದಲು ಈ ಕೆಟ್ಟ ಹೆಸರಿರಲಿಲ್ಲ. ನಮ್ಮ ಹಳೆಯ ತರ್ಕವಾದ ನ್ಯಾಯಶಾಸ್ತ್ರದಲ್ಲಿ ಅದೊಂದು ಪ್ರಮಾಣ, ಅಂದರೆ ನಿಜವನ್ನು ತಿಳಿಯುವ ಒಂದು ದಾರಿ. ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿ ಇದೆ ಎಂದು ತಿಳಿಯುವುದೇ ಅನುಮಾನ. ಇಂಗ್ಲಿಷಿನಲ್ಲಿ ಅದಕ್ಕೆ ‘ಇನ್ಫರ್’ ಎನ್ನುತ್ತಾರೆ. ಅದರ ಜೋಡಿ ಕೆಳಗೆ ಬರುತ್ತದೆ.

‘ಬೈ ಫ್ರೈಡೇ’, ‘ಅಂಟಿಲ್ ಫ್ರೈಡೇ’ ಎಂದು ಬರೆಯುವಾಗ ಮ್ಯಾನೇಜರ್ ಯಾಕೆ ತಿದ್ದುತ್ತಾರೆ?

‘ಶುಕ್ರವಾರದೊಳಗೆ’ ಎನ್ನುವುದಾದರೆ ‘ಬೈ’, ‘ಶುಕ್ರವಾರದ ತನಕ’ ಎನ್ನುವುದಾದರೆ ‘ಅಂಟಿಲ್’. ಕನ್ನಡ ಇಲ್ಲಿ ಪೂರ್ತಿ ನಿಮ್ಮ ಪರವಾಗಿದೆ. ವರದಿಯನ್ನು ಶುಕ್ರವಾರದೊಳಗೆ ಕೊಡುತ್ತೀರಿ, ರಜೆಯಲ್ಲಿ ಶುಕ್ರವಾರದ ತನಕ ಇರುತ್ತೀರಿ.

ಬೆಂಗಳೂರಿನಲ್ಲಿ ಮನೆ ‘ರೆಂಟ್’ಗೆ ಬೇರೆ, ‘ಲೀಸ್’ಗೆ ಬೇರೆ ಎನ್ನುತ್ತಾರೆ. ಇಂಗ್ಲಿಷಿನಲ್ಲೂ ಹಾಗೆಯೇ?

ಇಲ್ಲ. ಬೆಂಗಳೂರಿನ ‘ಲೀಸ್’ ನಮ್ಮ ಹಳೆಯ ಭೋಗ್ಯ. ಮನೆ ಮಾಲೀಕನಿಗೆ ಹತ್ತೋ ಹದಿನೈದೋ ಲಕ್ಷವನ್ನು ಒಂದೇ ಕಂತಿನಲ್ಲಿ ಕೊಟ್ಟು, ಎರಡು ಮೂರು ವರ್ಷ ತಿಂಗಳ ಬಾಡಿಗೆಯಿಲ್ಲದೆ ಇದ್ದು, ಖಾಲಿ ಮಾಡುವಾಗ ಪೂರ್ತಿ ಹಣ ವಾಪಸ್ ಪಡೆಯುವ ವ್ಯವಸ್ಥೆ. ಇಂಗ್ಲಿಷಿನಲ್ಲಿ ‘ಲೀಸ್’ ಎಂದರೆ ಇಷ್ಟು ಕಾಲಕ್ಕೆ ಆಸ್ತಿಯನ್ನು ಬಳಸಲು ಬಿಟ್ಟುಕೊಡುವ ಕರಾರು. ‘ರೆಂಟ್’ ಎಂದರೆ ಅದಕ್ಕೆ ಕೊಡುವ ಹಣ. ಎರಡೂ ಒಂದೇ ಕಾಗದದಲ್ಲಿ ಇರಬಹುದು.

ಬಾಡಿಗೆ ಕರಾರುಪತ್ರ ಸಾಮಾನ್ಯವಾಗಿ 11 ತಿಂಗಳಿಗೇ ಯಾಕೆ ಎಂಬುದಕ್ಕೂ ಉತ್ತರ ಈ ಪದದಲ್ಲೇ ಇದೆ. 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷಕ್ಕೆ ಮೀರಿದ ‘ಲೀಸ್’ ನೋಂದಣಿಯಾಗಲೇಬೇಕು. ಆ ಖರ್ಚು, ಓಡಾಟ ತಪ್ಪಿಸಲು ಒಂದು ತಿಂಗಳು ಕಡಿಮೆ.

ಪತ್ರಿಕೆಯಲ್ಲಿ ಕಳ್ಳತನ, ಸುಲಿಗೆ, ದರೋಡೆ ಎಂದು ಬರೆಯುತ್ತಾರೆ. ‘ಥೆಫ್ಟ್’, ‘ರಾಬರಿ’, ‘ಡಕಾಯಿಟಿ’ ಇವೇ ಏನು?

ಹೌದು, ಅದೇ ಕ್ರಮದಲ್ಲಿ. ನಿಮಗೆ ಗೊತ್ತಾಗದಂತೆ ಜೇಬಿನಿಂದ ಮೊಬೈಲ್ ಎತ್ತಿದರೆ ಕಳ್ಳತನ, ‘ಥೆಫ್ಟ್’. ಚಾಕು ತೋರಿಸಿ ಹೆದರಿಸಿ ಅಥವಾ ಹೊಡೆದು ಕಿತ್ತುಕೊಂಡರೆ ಸುಲಿಗೆ, ‘ರಾಬರಿ’. ಐದು ಅಥವಾ ಅದಕ್ಕಿಂತ ಹೆಚ್ಚು ಜನ ಸೇರಿ ಸುಲಿಗೆ ಮಾಡಿದರೆ ದರೋಡೆ, ‘ಡಕಾಯಿಟಿ’. ಈ ಐದರ ಲೆಕ್ಕ 1860ರ ಭಾರತೀಯ ದಂಡ ಸಂಹಿತೆಯಲ್ಲಿ ಇತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲೂ ಹಾಗೇ ಇದೆ. ‘ಒಂಟಿ ದರೋಡೆಕೋರನ ಸೆರೆ’ ಎಂಬ ಶೀರ್ಷಿಕೆ ಕಂಡರೆ ಉಳಿದ ನಾಲ್ವರು ಎಲ್ಲಿ ಎಂದು ಕೇಳುವ ಚಾಳಿ ನನ್ನದು.

‘ಬರ್ಗ್ಲರಿ’ ಎಂದರೆ ಕಟ್ಟಡದೊಳಗೆ ನುಗ್ಗಿ ಕದಿಯುವುದು. ಅದಕ್ಕೆ ನಮ್ಮಲ್ಲಿ ಕನ್ನಗಳವು ಎಂಬ ಚೊಕ್ಕ ಪದವಿದೆ. ಮಣ್ಣಿನ ಗೋಡೆಗೆ ತೂತು ಕೊರೆಯುತ್ತಿದ್ದ ಕಾಲದ್ದು. ಈಗಿನ ಕಳ್ಳರು ಗೋಡೆ ಕೊರೆಯುವುದಿಲ್ಲ, ಬೀಗ ಮೀಟುತ್ತಾರೆ. ಆದರೂ ವರದಿಗಾರರು ‘ಕನ್ನ ಹಾಕಿದರು’ ಎಂದೇ ಬರೆಯುತ್ತಾರೆ. ‘ಡಕಾಯಿಟಿ’ ಹಿಂದಿಯಿಂದ ಇಂಗ್ಲಿಷಿಗೆ ಹೋದ ಪದ. ಆ ಅಪರಾಧಕ್ಕೆ ಪದ ಬೇಕಾದಾಗ ಇಂಗ್ಲಿಷಿನವರೇ ನಮ್ಮಿಂದ ಎರವಲು ಪಡೆದರು, ಹಿಂದಿರುಗಿಸಲಿಲ್ಲ.

‘ಅಕ್ಯೂಸ್ಡ್’ ಮತ್ತು ‘ಕನ್ವಿಕ್ಟ್’?

ಆರೋಪಿ, ಅಪರಾಧಿ. ನ್ಯಾಯಾಲಯ ತೀರ್ಪು ಕೊಡುವ ತನಕ ಮೊದಲನೆಯದು.

‘ಐ ಪಾಸ್ಡ್ ಔಟ್ ಇನ್ 2015’ ಎಂದು ಸಂದರ್ಶನದಲ್ಲಿ ಹೇಳಿದಾಗ ನಕ್ಕರು. ಏನು ತಪ್ಪು?

ನೀವು ಹೇಳಿದ್ದು ‘2015ರಲ್ಲಿ ಪದವಿ ಮುಗಿಸಿದೆ’ ಎಂದು. ಅವರಿಗೆ ಕೇಳಿಸಿದ್ದು ‘2015ರಲ್ಲಿ ಮೂರ್ಛೆ ಹೋದೆ’ ಎಂದು. ಸೇನೆಯಲ್ಲಿ ತರಬೇತಿ ಮುಗಿಸಿದವರ ಪಥಸಂಚಲನಕ್ಕೆ ‘ಪಾಸಿಂಗ್ ಔಟ್ ಪೆರೇಡ್’ ಎನ್ನುವುದುಂಟು. ಉಳಿದವರು ‘ಗ್ರ್ಯಾಜುಯೇಟೆಡ್’ ಎನ್ನುವುದು ಕ್ಷೇಮ.

‘ಮಿಸ್ಟ್’ ಮತ್ತು ‘ಫಾಗ್’ ಎರಡೂ ಮಂಜೇ. ಯಾವುದು ದಟ್ಟ?

‘ಫಾಗ್’ ದಟ್ಟ. ಹವಾಮಾನದವರಿಗೆ ಇದರಲ್ಲಿ ಅಳತೆಯೇ ಇದೆ: ಒಂದು ಕಿಲೋಮೀಟರಿಗಿಂತ ಹತ್ತಿರದ್ದೂ ಕಾಣದಿದ್ದರೆ ‘ಫಾಗ್’, ಅದಕ್ಕಿಂತ ದೂರ ಕಂಡರೆ ‘ಮಿಸ್ಟ್’. ಡಿಸೆಂಬರ್, ಜನವರಿಯ ಬೆಳಗ್ಗೆ ದೇವನಹಳ್ಳಿಯಲ್ಲಿ ವಿಮಾನಗಳನ್ನು ತಡೆದು ನಿಲ್ಲಿಸುವುದು ‘ಫಾಗ್’. ಮಡಿಕೇರಿಯ ರಾಜಾಸೀಟಿನಲ್ಲಿ ನಿಂತಾಗ ಕಣಿವೆಯಿಂದ ಎದ್ದು ಮುಖಕ್ಕೆ ತಣ್ಣಗೆ ತಾಗಿ ಹೋಗುವುದು ಬಹುಮಟ್ಟಿಗೆ ‘ಮಿಸ್ಟ್’. ಹುಲ್ಲಿನ ತುದಿಯ ಇಬ್ಬನಿ ‘ಡ್ಯೂ’. ಆಕಾಶದಿಂದ ಬೀಳುವ ಹಿಮ ‘ಸ್ನೋ’.

‘ಸ್ಟೇಷನರಿ’ ಅಂಗಡಿಯ ಬೋರ್ಡಿನಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. ಯಾವುದು ಸರಿ?

ಕನ್ನಡ ಲಿಪಿಯಲ್ಲಿ ಬರೆದರೆ ಈ ತಾಪತ್ರಯವೇ ಇಲ್ಲ! ಇಂಗ್ಲಿಷಿನಲ್ಲಿ ಬರೆಯುವಾಗ ಕಾಗದ, ಪೆನ್ನು ಮಾರುವುದಾದರೆ ಕೊನೆಯ ಭಾಗದಲ್ಲಿ ‘ಇ’ (e) ಅಕ್ಷರ; ಕದಲದೆ ನಿಂತದ್ದಾದರೆ ‘ಎ’ (a) ಅಕ್ಷರ. ‘ಎನ್ವಲಪ್’ ‘ಇ’ಯಿಂದ ಶುರುವಾಗುತ್ತದೆ ಎಂದು ನೆನಪಿಟ್ಟುಕೊಳ್ಳಿ. ತಮಾಷೆಯೆಂದರೆ ಎರಡಕ್ಕೂ ಬೇರು ಒಂದೇ. ಹಿಂದೆ ಯುರೋಪಿನಲ್ಲಿ ಊರೂರು ತಿರುಗಿ ಮಾರುವವರ ನಡುವೆ ಒಂದೇ ಕಡೆ ಅಂಗಡಿ ಇಟ್ಟು ಪುಸ್ತಕ, ಕಾಗದ ಮಾರುತ್ತಿದ್ದವನಿಗೆ ‘ಸ್ಟೇಷನರ್’ ಎಂಬ ಹೆಸರು ಬಂತು. ನಿಂತಲ್ಲೇ ನಿಂತವನು ಎಂದರ್ಥ. ಬೋರ್ಡಿನಲ್ಲಿ ‘ಎ’ ಬರೆದ ಅಂಗಡಿಯವರು ವ್ಯಾಕರಣದಲ್ಲಿ ಸೋತರೂ ಚರಿತ್ರೆಯಲ್ಲಿ ಗೆದ್ದಿದ್ದಾರೆ.

ಷಡ್ಡಕನಿಗೆ ಇಂಗ್ಲಿಷಿನಲ್ಲಿ ಏನೆನ್ನಬೇಕು? ‘ಕೋ-ಬ್ರದರ್’ ಎಂದರೆ ಅಲ್ಲಿ ಯಾರಿಗೂ ಅರ್ಥವಾಗುವುದಿಲ್ಲ.

ಅರ್ಥವಾಗುವುದಿಲ್ಲ, ಏಕೆಂದರೆ ಅದು ದಕ್ಷಿಣ ಭಾರತದವರು ಕಟ್ಟಿಕೊಂಡ ಪದ. ಹೆಂಡತಿಯ ಅಕ್ಕತಂಗಿಯರ ಗಂಡ, ಹೆಂಡತಿಯ ಅಣ್ಣತಮ್ಮ, ಅಕ್ಕನ ಗಂಡ, ಇವರೆಲ್ಲರನ್ನೂ ಇಂಗ್ಲಿಷ್ ‘ಬ್ರದರ್ ಇನ್ ಲಾ’ ಎಂಬ ಒಂದೇ ಜಮಖಾನೆಯ ಮೇಲೆ ಕೂರಿಸುತ್ತದೆ. ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ ಎಲ್ಲರೂ ‘ಅಂಕಲ್’. ‘ಕಸಿನ್ ಬ್ರದರ್’ನಲ್ಲಿ ‘ಬ್ರದರ್’ ಹೆಚ್ಚಾಯಿತು, ‘ಕಸಿನ್’ ಸಾಕು. ಬೀಗರಿಗಂತೂ ಅಲ್ಲಿ ಪದವೇ ಇಲ್ಲ. ‘ಮಗಳ ಅತ್ತೆ ಮಾವ’ ಎಂದು ಬಿಡಿಸಿ ಹೇಳಬೇಕು. ಬೀಗರೂಟದ ಗತಿ ಏನೆಂದು ಕೇಳಬೇಡಿ.

## ಸೂಕ್ಷ್ಮದವು

‘ಹಿಸ್ಟಾರಿಕ್’ ಮತ್ತು ‘ಹಿಸ್ಟಾರಿಕಲ್’ ಎರಡನ್ನೂ ಐತಿಹಾಸಿಕ ಎಂದೇ ಅನುವಾದಿಸಬೇಕೇ?

ಅನುವಾದದಲ್ಲಿ ಬೇರೆ ದಾರಿ ಕಡಿಮೆ, ಅರ್ಥದಲ್ಲಿ ಅಂತರವಿದೆ. ಚರಿತ್ರೆಯಲ್ಲಿ ದಾಖಲಾಗುವಷ್ಟು ದೊಡ್ಡದು ‘ಹಿಸ್ಟಾರಿಕ್’: 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕ ಎಂಬ ಹೆಸರು ಪಡೆದದ್ದು. ಚರಿತ್ರೆಗೆ ಸಂಬಂಧಪಟ್ಟದ್ದು ಮಾತ್ರ ‘ಹಿಸ್ಟಾರಿಕಲ್’: ಹಳೆಯ ಕಂದಾಯ ಕಡತ, ಕಾದಂಬರಿ, ಸಂಶೋಧನೆ. ‘ಎಕನಾಮಿಕ್’ ದೇಶದ ಆರ್ಥಿಕತೆಗೆ, ‘ಎಕನಾಮಿಕಲ್’ ಪೆಟ್ರೋಲ್ ಕಡಿಮೆ ಕುಡಿಯುವ ಸ್ಕೂಟರಿಗೆ.

‘ಇಂಪ್ಲೈ’ ಮತ್ತು ‘ಇನ್ಫರ್’ ನನಗೆ ಯಾವಾಗಲೂ ಅದಲುಬದಲಾಗುತ್ತವೆ.

ಹೇಳುವವನು ಧ್ವನಿಸುತ್ತಾನೆ, ಅದು ‘ಇಂಪ್ಲೈ’. ಕೇಳುವವನು ಊಹಿಸಿ ತಿಳಿಯುತ್ತಾನೆ, ಅದು ‘ಇನ್ಫರ್’. ರಾತ್ರಿ ಒಂಬತ್ತಾದರೂ ಏಳದ ನೆಂಟರಿಗೆ ಮನೆಯವರು ‘ಕೊನೆಯ ಬಸ್ ಎಷ್ಟು ಹೊತ್ತಿಗೆ?’ ಎಂದು ಕೇಳಿದರೆ ‘ಇಂಪ್ಲೈ’. ನೆಂಟರು ಚಪ್ಪಲಿ ಹುಡುಕಿದರೆ ‘ಇನ್ಫರ್’.

ಹೊಟ್ಟೆಕಿಚ್ಚಿಗೆ ‘ಜೆಲಸಿ’ ಸರಿಯೋ ‘ಎನ್ವಿ’ ಸರಿಯೋ?

ಪಕ್ಕದ ಮನೆಯವರ ಹೊಸ ಕಾರು ಕಂಡು ಹೊಟ್ಟೆ ಉರಿದರೆ ‘ಎನ್ವಿ’: ಇನ್ನೊಬ್ಬರ ಬಳಿ ಇರುವುದು ನಮಗಿಲ್ಲ ಎಂಬ ಸಂಕಟ. ನಮ್ಮದು ಇನ್ನೊಬ್ಬರ ಪಾಲಾದೀತು ಎಂಬ ಭಯದ ಉರಿ ‘ಜೆಲಸಿ’. ಸವತಿ ಮತ್ಸರ ಅದರ ಹತ್ತಿರದ ಕನ್ನಡ. ಇಂದಿನ ಆಡುಮಾತಿನ ಇಂಗ್ಲಿಷಿನಲ್ಲಿ ‘ಜೆಲಸ್’ ಎರಡನ್ನೂ ನುಂಗಿಕೊಂಡಿದೆ. ಬರೆಯುವಾಗ ಬೇರೆ ಇಡುವುದು ಚೆನ್ನ ಎಂಬುದು ನನ್ನ ಪಕ್ಷ.

ಒಂದೇ ವಿಷಯಕ್ಕೆ ಇಂಗ್ಲಿಷಿನಲ್ಲಿ ಇಷ್ಟೊಂದು ಪದಗಳು ಯಾಕಿವೆ?

1066ರಲ್ಲಿ ಫ್ರಾನ್ಸಿನ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದ. ಆಳುವವರ ಮಾತು ಫ್ರೆಂಚ್ ಆಯಿತು, ಉಳುವವರದು ಇಂಗ್ಲಿಷಾಗಿಯೇ ಉಳಿಯಿತು, ಚರ್ಚು ಮತ್ತು ಪಂಡಿತರದು ಲ್ಯಾಟಿನ್. ಕೊಟ್ಟಿಗೆಯಲ್ಲಿರುವ ಕುರಿ ‘ಶೀಪ್’ ಎಂಬ ಇಂಗ್ಲಿಷ್ ಪದ, ತಟ್ಟೆಗೆ ಬಂದರೆ ‘ಮಟನ್’ ಎಂಬ ಫ್ರೆಂಚ್ ಮೂಲದ ಪದ. ನಮ್ಮಲ್ಲಿಗೆ ಬಂದ ಮೇಲೆ ‘ಮಟನ್’ ಮೇಕೆಯೂ ಆಯಿತು. ಹಾಗೆಯೇ ‘ಆಸ್ಕ್’ ಇಂಗ್ಲಿಷ್, ‘ಕ್ವೆಶ್ಚನ್’ ಫ್ರೆಂಚ್, ‘ಇಂಟರಾಗೇಟ್’ ಲ್ಯಾಟಿನ್: ಕೇಳು, ಪ್ರಶ್ನಿಸು, ವಿಚಾರಣೆ ಮಾಡು.

ಇದು ಕನ್ನಡಿಗರಿಗೆ ಹೊಸದೇನಲ್ಲ. ಮನೆಯೂ ಗೃಹವೂ ಒಂದೇ ಎಂದು ನಿಘಂಟು ಹೇಳುತ್ತದೆ. ಆದರೆ ಗೃಹ ಸಚಿವರನ್ನು ಮನೆ ಮಂತ್ರಿ ಎಂದು ಕರೆದು ನೋಡಿ. ನೀರು ಕುಡಿಯುತ್ತೇವೆ, ಇಲಾಖೆಗೆ ಮಾತ್ರ ಜಲಸಂಪನ್ಮೂಲ ಎನ್ನುತ್ತೇವೆ. ಈ ಭೇದವನ್ನು ನಮಗೆ ಯಾರೂ ಪಾಠ ಮಾಡಲಿಲ್ಲ.

ನಿಘಂಟಿನಲ್ಲಿ ಎರಡಕ್ಕೂ ಒಂದೇ ಅರ್ಥ ಕೊಟ್ಟಿದ್ದರೆ ಏನು ಮಾಡಲಿ?

ಪಕ್ಕದ ಪದವನ್ನು ನೋಡಿ. ‘ಎಳೆ ಬಿಸಿಲು’ ಎನ್ನುತ್ತೇವೆ, ‘ಚಿಕ್ಕ ಬಿಸಿಲು’ ಎನ್ನುವುದಿಲ್ಲ. ಇಂಗ್ಲಿಷಿನಲ್ಲೂ ಎತ್ತರದ ಮನುಷ್ಯ ‘ಟಾಲ್’, ಎತ್ತರದ ಬೆಟ್ಟ ‘ಹೈ’. ತಪ್ಪು ‘ಬಿಗ್’ ಆಗುತ್ತದೆ, ‘ಲಾರ್ಜ್’ ಆಗುವುದಿಲ್ಲ. ಇದಕ್ಕೆ ಕಾರಣ ಕೇಳಿದರೆ ಇಂಗ್ಲಿಷಿನವರೂ ತಲೆ ಕೆರೆದುಕೊಳ್ಳುತ್ತಾರೆ. ಉದಾಹರಣೆ ವಾಕ್ಯಗಳಿರುವ ಇಂಗ್ಲಿಷ್-ಇಂಗ್ಲಿಷ್ ನಿಘಂಟು ಇಟ್ಟುಕೊಳ್ಳಿ. ಅರ್ಥವನ್ನು ಬಿಟ್ಟು ಮೊದಲು ವಾಕ್ಯವನ್ನು ಓದಿ.

‘ಪ್ರಿಪೋನ್’ ಎಂಬ ಪದವೇ ಇಲ್ಲ ಎನ್ನುತ್ತಾರೆ. ಬಳಸಬಹುದೇ?

ಇದೆ. ಭಾರತದ ಬಳಕೆ ಎಂಬ ಗುರುತಿನೊಂದಿಗೆ ಆಕ್ಸ್‌ಫರ್ಡ್ ನಿಘಂಟಿನಲ್ಲೂ ಸೇರಿದೆ. ‘ಪೋಸ್ಟ್‌ಪೋನ್’ ಎಂದರೆ ಮುಂದೂಡುವುದಾದರೆ ಹಿಂದಕ್ಕೆ ತರಲು ಒಂದು ಪದ ಬೇಡವೇ? ಹುಬ್ಬಳ್ಳಿಯ ಗ್ರಾಹಕರಿಗೆ ಬರೆಯುವಾಗ ಧೈರ್ಯವಾಗಿ ಬಳಸಿ. ಮ್ಯಾಂಚೆಸ್ಟರಿನವರಿಗೆ ಬರೆಯುವಾಗ ‘ಬ್ರಿಂಗ್ ಫಾರ್ವರ್ಡ್’ ಎನ್ನಿ.

‘ಲೈ’ ಮತ್ತು ‘ಲೇ’ ಎಷ್ಟು ಸಲ ಓದಿದರೂ ಮರೆತುಹೋಗುತ್ತದೆ. ಏನಾದರೂ ಉಪಾಯ?

ಕನ್ನಡದಲ್ಲೇ ಇದೆ. ಮಲಗುವುದು ‘ಲೈ’, ಮಲಗಿಸುವುದು ‘ಲೇ’. ಏಳುವುದು ‘ರೈಸ್’, ಎಬ್ಬಿಸುವುದು ‘ರೇಸ್’. ಬೀಳುವುದು ‘ಫಾಲ್’, ಮರವನ್ನು ಬೀಳಿಸುವುದು ‘ಫೆಲ್’. ಒಂದು ಕಾಲದಲ್ಲಿ ಇಂಗ್ಲಿಷಿನ ಪೂರ್ವಜ ಭಾಷೆಯಲ್ಲೂ ನಮ್ಮ ‘ಇಸು’ವಿನಂಥ ಪ್ರತ್ಯಯವಿತ್ತು. ಅದು ಸವೆದು ಹೋಗಿ, ಸ್ವರ ಬದಲಾದ ಈ ಕೆಲವು ಜೋಡಿಗಳು ಮಾತ್ರ ಉಳಿದಿವೆ.

ಕಷ್ಟವಿರುವುದು ಭೂತಕಾಲದಲ್ಲಿ. ‘ಲೈ’ಯ ಭೂತಕಾಲವೂ ‘ಲೇ’ಯೇ. ಇದಕ್ಕೆ ಕನ್ನಡದಲ್ಲಿ ಪರಿಹಾರವಿಲ್ಲ, ಬಾಯಿಪಾಠವೇ ಗತಿ: ಲೈ, ಲೇ, ಲೇನ್, ಲೇ, ಲೇಡ್, ಲೇಡ್. ಏಳನೆಯ ತರಗತಿಯಲ್ಲಿ ಹದಿನಾರರ ಮಗ್ಗಿಯ ಜೊತೆಗೆ ಕಲಿತದ್ದು. ಈಗಲೂ ಬೋರ್ಡಿನ ಮೇಲೆ ಬರೆಯುವ ಮೊದಲು ಮಕ್ಕಳಿಗೆ ಬೆನ್ನು ಮಾಡಿ ಒಮ್ಮೆ ಗೊಣಗಿಕೊಳ್ಳುತ್ತೇನೆ.